ಕಾಯುವ ಕುಲುಮೆ, ಕಾಣದ ಹದ

ಬೈಕಿನ ಗೇರಿನಿಂದ ರೈಲಿನ ಗಾಲಿಯವರೆಗೆ, ನಮ್ಮ ಭಾರ ಹೊರುವ ಉಕ್ಕಿಗೆ ಗಟ್ಟಿತನ ಬರುವುದು ಕುಲುಮೆಯೊಳಗೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗದ ಆ ಹದದ ಹಿಂದೆ ವಿಜ್ಞಾನವಿದೆ, ಯಂತ್ರವಿದೆ, ರಾತ್ರಿಪಾಳಿಯ ಮನುಷ್ಯರಿದ್ದಾರೆ.

ಎರಡು ಗೇರುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಡಿ. ಎರಡಕ್ಕೂ ಒಂದೇ ಅಳತೆ, ಅಷ್ಟೇ ಹಲ್ಲು. ಕೈಯಲ್ಲಿ ಹಿಡಿದರೆ ತೂಕದಲ್ಲೂ ವ್ಯತ್ಯಾಸ ತಿಳಿಯದು. ಈಗ ಒಂದು ಅರ ತೆಗೆದುಕೊಂಡು ಮೊದಲನೆಯದರ ಹಲ್ಲಿನ ಮೇಲೆ ಉಜ್ಜಿ. ಅರ ಕಚ್ಚುತ್ತದೆ, ಬೆಳ್ಳಿಯಂಥ ಪುಡಿ ಉದುರುತ್ತದೆ. ಎರಡನೆಯದರ ಮೇಲೆ ಉಜ್ಜಿದರೆ ಗಾಜಿನ ಮೇಲೆ ಎಳೆದಂತೆ ಜಾರಿ ಹೋಗುತ್ತದೆ. ಒಂದೇ ಸರಳಿನಿಂದ ಕತ್ತರಿಸಿ, ಒಂದೇ ಯಂತ್ರದಲ್ಲಿ ಹಲ್ಲು ಕೊರೆದ ಗೇರುಗಳಿವು. ನಡುವೆ ಆದದ್ದು ಇಷ್ಟೇ: ಎರಡನೆಯದು ಒಂದು ರಾತ್ರಿಯನ್ನು ಕುಲುಮೆಯಲ್ಲಿ ಕಳೆದು ಬಂದಿದೆ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಅಂಥ ರಾತ್ರಿಗಳು ಪ್ರತಿದಿನವೂ ಬರುತ್ತವೆ. ಹಗಲಿಡೀ ಲೇತು, ಮಿಲ್ಲಿಂಗ್ ಯಂತ್ರಗಳು ತಿರುಗಿ ತಯಾರಾದ ಬಿಡಿಭಾಗಗಳು ಸಂಜೆಯ ಹೊತ್ತಿಗೆ ಟೆಂಪೊಗಳಲ್ಲಿ ಹೀಟ್ ಟ್ರೀಟ್‌ಮೆಂಟ್ ಶೆಡ್ಡುಗಳ ಮುಂದೆ ಬಂದು ಇಳಿಯುತ್ತವೆ. ಗೇರು, ಶಾಫ್ಟು, ಪಿನ್ನು, ಬುಷ್ಷು, ಅಚ್ಚುಗಳು. ಅವನ್ನು ತೊಳೆದು, ಜಿಡ್ಡು ತೆಗೆದು, ಬುಟ್ಟಿಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ಒಳಗೆ ತಳ್ಳುತ್ತಾರೆ. ಬೆಳಗ್ಗೆ ಬೂದುಬಣ್ಣಕ್ಕೆ ತಿರುಗಿ ಹೊರಬರುವ ಅದೇ ಭಾಗಗಳು ಮತ್ತೆ ಟೆಂಪೊ ಏರುತ್ತವೆ. ನೋಡುವವರ ಕಣ್ಣಿಗೆ ಏನೂ ಆದಂತಿಲ್ಲ. ಆದರೆ ಆ ರಾತ್ರಿಯಿಲ್ಲದೆ ಹೋದರೆ ಬೈಕಿನ ಗೇರಿನ ಹಲ್ಲು ಬೇಗ ಸವೆಯುತ್ತದೆ, ಬೇರಿಂಗಿನ ಗುಂಡು ಚಪ್ಪಟೆಯಾಗುತ್ತದೆ, ಡ್ರಿಲ್ಲಿನ ತುದಿ ಮೊದಲ ತೂತಿಗೇ ಮೊಂಡಾಗುತ್ತದೆ.

ಕಮ್ಮಾರ ಕೊಟ್ಟ ಮಾತು

ಕಾರ್ಖಾನೆಯವರು ಇದನ್ನು ಹೀಟ್ ಟ್ರೀಟ್‌ಮೆಂಟ್ ಎನ್ನುತ್ತಾರೆ, ಪಠ್ಯಪುಸ್ತಕ ಉಷ್ಣೋಪಚಾರ ಎನ್ನುತ್ತದೆ. ಊರಿನ ಕಮ್ಮಾರನಿಗೆ ಎರಡೂ ಬೇಕಿರಲಿಲ್ಲ. ಅವನ ಬಳಿ ‘ಹದ’ ಎಂಬ ಎರಡಕ್ಷರದ ಪದವಿತ್ತು. ಮಳೆ ಬಿದ್ದ ಮೇಲೆ ಹೊಲಕ್ಕೆ ಬರುವುದು ಹದ, ಒಲೆಯ ಮೇಲೆ ಪಾಕಕ್ಕೆ ಬರುವುದು ಹದ, ಚರ್ಮಕ್ಕೆ ಕೊಡುವುದು ಹದ. ಹೆಚ್ಚಾದರೂ ಕೆಡುವ, ಕಡಿಮೆಯಾದರೂ ಕೆಡುವ, ಬಂದಾಗ ಹಿಡಿದುಕೊಳ್ಳದಿದ್ದರೆ ಕೈತಪ್ಪುವ ಸ್ಥಿತಿಗೆ ನಮ್ಮ ಭಾಷೆ ಇಟ್ಟ ಹೆಸರು ಅದು. ಉಕ್ಕಿನ ವಿಷಯದಲ್ಲಿ ಇದಕ್ಕಿಂತ ನಿಖರವಾದ ಪದ ನನಗೆ ಬೇರೆ ಸಿಕ್ಕಿಲ್ಲ.

ಉಳಿಗೆ ಹದ ಹಾಕುವ ಕಮ್ಮಾರನ ಕೈಯನ್ನು ಗಮನಿಸಿದರೆ ಇಡೀ ಶಾಸ್ತ್ರ ಅಲ್ಲಿಯೇ ಇದೆ. ಉಳಿಯನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ತುದಿಯನ್ನಷ್ಟೇ ನೀರಿಗೆ ಅದ್ದುತ್ತಾನೆ. ಚುಂಯ್ ಎಂದು ಆವಿ ಏಳುತ್ತದೆ, ತುದಿ ಗಟ್ಟಿಯಾಗುತ್ತದೆ. ಕೂಡಲೇ ಹೊರತೆಗೆದು ಕಲ್ಲಿಗೆ ಉಜ್ಜಿ ಆ ತುದಿಯನ್ನು ಬೆಳ್ಳಗೆ ಮಾಡುತ್ತಾನೆ. ಇನ್ನೂ ಬಿಸಿಯಾಗಿರುವ ಹಿಂಭಾಗದಿಂದ ಶಾಖ ತುದಿಯ ಕಡೆಗೆ ಹರಿಯತೊಡಗಿದಂತೆ ಬೆಳ್ಳನೆಯ ಉಕ್ಕಿನ ಮೇಲೆ ಬಣ್ಣಗಳು ಓಡಿ ಬರುತ್ತವೆ: ಮೊದಲು ಒಣಹುಲ್ಲಿನ ತಿಳಿಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಬೇಕಾದ ಬಣ್ಣ ಬಾಯಂಚಿಗೆ ತಲುಪಿದ ಗಳಿಗೆಗೆ ಪೂರ್ತಿ ಮುಳುಗಿಸಿಬಿಡುತ್ತಾನೆ. ಹುಲ್ಲಿನ ಬಣ್ಣ ಎಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೇರಳೆ ಎಂದರೆ 280ರ ಆಸುಪಾಸು, ನೀಲಿ ಎಂದರೆ 300. ಉಕ್ಕಿನ ಮೈಮೇಲೆ ಬೆಳೆಯುವ ಆಕ್ಸೈಡಿನ ತೆಳುಪೊರೆ ದಪ್ಪವಾದಂತೆ ಬೆಳಕು ಬೇರೆ ಬೇರೆ ಬಣ್ಣವಾಗಿ ಕಾಣುತ್ತದೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಕಾಣುವುದೂ ಇದೇ ಕಾರಣಕ್ಕೆ. ಕಮ್ಮಾರನ ಉಷ್ಣಮಾಪಕ ಅವನ ಕಣ್ಣಿನಲ್ಲಿತ್ತು.

ಹದ ತಿಳಿಯದಿದ್ದರೆ ಒಳ್ಳೆಯ ಲೋಹವೂ ಕೈಕೊಡುತ್ತದೆ ಎಂಬುದಕ್ಕೆ ನಮ್ಮ ನೆಲದ್ದೇ ಕತೆಯೊಂದಿದೆ. ದಕ್ಷಿಣ ಭಾರತದಲ್ಲಿ, ಮೈಸೂರು ಸೀಮೆಯೂ ಸೇರಿದಂತೆ, ಮಣ್ಣಿನ ಮೂಸೆಗಳಲ್ಲಿ ತಯಾರಾಗುತ್ತಿದ್ದ ಉಕ್ಕು 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ವಿದ್ವಾಂಸರ ಕೈ ಸೇರಿತು. ಅದಕ್ಕೆ ಅವರು ‘ವೂಟ್ಸ್’ ಎಂದರು. ನಮ್ಮ ‘ಉಕ್ಕು’ ಎಂಬ ಮಾತೇ ಹಾಗೆ ತಿರುಚಿಕೊಂಡಿತೆಂದು ಬಹಳ ವಿದ್ವಾಂಸರು ಒಪ್ಪುತ್ತಾರೆ. ಮೈಕೆಲ್ ಫ್ಯಾರಡೆಯಂಥವರೂ ಅದನ್ನು ಪರೀಕ್ಷೆ ಮಾಡಿದರು. ಆದರೆ ಅಲ್ಲಿನ ಅನೇಕ ಕಮ್ಮಾರರಿಗೆ ಅದು ಒಗ್ಗಲಿಲ್ಲ. ಶೇ 1ಕ್ಕಿಂತ ಹೆಚ್ಚು ಇಂಗಾಲವಿದ್ದ ಆ ಉಕ್ಕನ್ನು ತಮ್ಮ ರೂಢಿಯಂತೆ ಬಿಳುಪೇರುವವರೆಗೆ ಕಾಯಿಸಿ ಬಡಿದಾಗ ಅದು ಪುಡಿಪುಡಿಯಾಯಿತು. ಕಡಿಮೆ ಕಾವಿನಲ್ಲಿ, ಮಂದ ಕೆಂಪಿನಲ್ಲಿ, ತಾಳ್ಮೆಯಿಂದ ಬಡಿದವರ ಕೈಯಲ್ಲಿ ಅದೇ ಉಕ್ಕು ಹೆಸರಾಂತ ಕತ್ತಿಯಾಯಿತು.

ಪರಮಾಣುಗಳ ಮನೆ ಬದಲಾವಣೆ

ಅಷ್ಟಕ್ಕೂ ಕಾಯಿಸಿ ಅದ್ದಿದರೆ ಉಕ್ಕು ಗಟ್ಟಿಯಾಗುವುದೇಕೆ? ತಾಮ್ರವನ್ನು ಹಾಗೆ ಅದ್ದಿದರೆ ಗಟ್ಟಿಯಾಗುವುದಿಲ್ಲ. ಈ ವರ ಉಕ್ಕಿಗೆ ಬಂದದ್ದು ಕಬ್ಬಿಣದ ಒಂದು ವಿಚಿತ್ರ ಗುಣದಿಂದ ಮತ್ತು ಅದರ ಜೊತೆಗಿರುವ ಚಿಟಿಕೆ ಇಂಗಾಲದಿಂದ.

ಕಬ್ಬಿಣದ ಪರಮಾಣುಗಳು ಸಾಲುಸಾಲಾಗಿ, ಘನಾಕೃತಿಯ ಪುಟ್ಟ ಕೋಣೆಗಳಂತೆ ಜೋಡಿಸಿಕೊಂಡಿರುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ಪ್ರತಿ ಕೋಣೆಯ ಎಂಟು ಮೂಲೆಗೆ ಒಂದೊಂದು ಪರಮಾಣು, ನಟ್ಟನಡುವೆ ಇನ್ನೊಂದು. ಶುದ್ಧ ಕಬ್ಬಿಣವನ್ನು 912 ಡಿಗ್ರಿಗೆ ಕಾಯಿಸಿದಾಗ ಈ ಮನೆಯ ನಕ್ಷೆಯೇ ಬದಲಾಗುತ್ತದೆ: ನಡುವಿನ ಪರಮಾಣು ಜಾಗ ಬಿಟ್ಟು, ಆರೂ ಗೋಡೆಗಳ ಮಧ್ಯದಲ್ಲಿ ಒಂದೊಂದು ಬಂದು ಕೂರುತ್ತದೆ. ಇಂಗಾಲ ಬೆರೆತ ಉಕ್ಕಿನಲ್ಲಿ ಈ ಬದಲಾವಣೆ 727 ಡಿಗ್ರಿಯಿಂದಲೇ ಶುರುವಾಗುತ್ತದೆ. ಹೊಸ ನಕ್ಷೆಯಲ್ಲಿ ಇಂಗಾಲದ ಸಣ್ಣ ಪರಮಾಣು ನುಸುಳಿ ಕೂರುವಷ್ಟು ಎಡೆಯಿದೆ. ಹಳೆಯ ಮನೆಯಲ್ಲಿ ಶೇ 0.02ರಷ್ಟು ಇಂಗಾಲಕ್ಕೂ ಜಾಗ ಕಷ್ಟ. ಹೊಸ ಮನೆ ಗರಿಷ್ಠ ಶೇ 2ರವರೆಗೆ ಒಳಗೆ ಬಿಟ್ಟುಕೊಳ್ಳುತ್ತದೆ. ಈ ಬಿಸಿ ಸ್ಥಿತಿಗೆ ಆಸ್ಟೆನೈಟ್ ಎಂದು ಹೆಸರು. ಇಂಗ್ಲೆಂಡಿನ ಲೋಹವಿಜ್ಞಾನಿ ವಿಲಿಯಂ ರಾಬರ್ಟ್ಸ್-ಆಸ್ಟೆನ್ ನೆನಪಿನಲ್ಲಿ ಇಟ್ಟದ್ದು.

ಇನ್ನು ತಣಿಸುವ ಮಾತು. ನಿಧಾನವಾಗಿ ತಣಿಸಿದರೆ ಇಂಗಾಲಕ್ಕೆ ಹೊರಬರಲು ಪುರುಸೊತ್ತು ಸಿಗುತ್ತದೆ. ಅದು ಕಬ್ಬಿಣದ ಜೊತೆ ಬೇರೆ ಪದರಗಳಾಗಿ ನೆಲೆಸುತ್ತದೆ, ಉಕ್ಕು ಮೆತ್ತಗೆ ಉಳಿಯುತ್ತದೆ. ಹಠಾತ್ತನೆ ತಣಿಸಿದರೆ? ಕಬ್ಬಿಣ ಹಳೆಯ ಮನೆಗೆ ಮರಳಲು ನೋಡುತ್ತದೆ, ಇಂಗಾಲ ಒಳಗೇ ಸಿಕ್ಕಿಬೀಳುತ್ತದೆ. ಇಕ್ಕಟ್ಟಿಗೆ ಕೋಣೆ ಒಂದು ದಿಕ್ಕಿಗೆ ಸೆಟೆದು ಉದ್ದವಾಗುತ್ತದೆ. ಹೀಗೆ ಸೆಟೆದ ಕೋಣೆಗಳಲ್ಲಿ ಪರಮಾಣುಗಳ ಸಾಲು ಒಂದರ ಮೇಲೊಂದು ಜಾರಲಾರದು. ಜಾರಲಾಗದಿರುವುದಕ್ಕೇ ನಾವು ಗಟ್ಟಿತನ ಎನ್ನುತ್ತೇವೆ. ಇದು ಮಾರ್ಟೆನ್ಸೈಟ್, ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಹೆಸರು ಹೊತ್ತಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೂಜಿಗಳನ್ನು ಚೆಲ್ಲಿದ ಹಾಗೆ ಕಾಣುತ್ತದೆ.

ಆದರೆ ಈ ಗಟ್ಟಿತನ ಗಾಜಿನ ಗಟ್ಟಿತನ. ನೀರಿಗೆ ಅದ್ದಿ ತೆಗೆದು ಹಾಗೇ ಬಿಟ್ಟ ಹೆಚ್ಚು ಇಂಗಾಲದ ಉಕ್ಕು ಕೈಜಾರಿ ನೆಲಕ್ಕೆ ಬಿದ್ದರೂ ಸೀಳಬಹುದು. ಅದಕ್ಕಾಗಿಯೇ ಮತ್ತೆ ಸ್ವಲ್ಪ ಕಾಯಿಸಿ, ಒಳಗಿನ ಬಿಗಿಯನ್ನು ಒಂದಿಷ್ಟು ಸಡಿಲಿಸುತ್ತಾರೆ. ಅದೇ ಟೆಂಪರಿಂಗ್, ಕಮ್ಮಾರ ಬಣ್ಣ ನೋಡಿ ಮಾಡಿದ ಎರಡನೇ ಕೆಲಸ. ಗಟ್ಟಿತನದಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ತಾಳಿಕೆಯನ್ನು ಪಡೆಯುವ ವ್ಯಾಪಾರ ಇದು. ಕತ್ತರಿಸುವ ಸಾಧನಕ್ಕೆ 150ರಿಂದ 200 ಡಿಗ್ರಿ ಸಾಕು. ಬಾಗಿ ಮತ್ತೆ ನೆಟ್ಟಗಾಗಬೇಕಾದ ಸ್ಪ್ರಿಂಗಿಗೆ 400ರ ಮೇಲೆ. ತಿರುಚುವ ಬಲವನ್ನೂ ಪೆಟ್ಟನ್ನೂ ಹೊರಬೇಕಾದ ಶಾಫ್ಟಿಗೆ 550ರಿಂದ 650. ಉಕ್ಕನ್ನು ಬರೀ ಗಟ್ಟಿ ಮಾಡುವುದು ಸುಲಭ, ಎಷ್ಟು ಗಟ್ಟಿ ಇರಬೇಕೆಂದು ತಿಳಿದು ಅಲ್ಲಿಗೆ ನಿಲ್ಲಿಸುವುದೇ ವಿದ್ಯೆ.

ಕಾಯುವುದೆಂದರೆ ಮೂರು ಕೆಲಸ

ಕನ್ನಡದಲ್ಲಿ ‘ಕಾಯು’ ಎಂದರೆ ಬಿಸಿಯಾಗು. ‘ಕಾಯು’ ಎಂದರೆ ತಡೆದು ನಿಲ್ಲು. ‘ಕಾಯು’ ಎಂದರೆ ರಕ್ಷಿಸು ಎಂದೂ ಅರ್ಥ. ಕೈಗಾರಿಕೆಯ ಕುಲುಮೆ ಮಾಡುವುದು ಈ ಮೂರನ್ನೂ.

ಮೊದಲನೆಯದು ಬಿಸಿ. ಗೋಡೆಗೆ ಶಾಖ ತಡೆಯುವ ಇಟ್ಟಿಗೆ ಅಥವಾ ಹತ್ತಿಯಂತೆ ಹಗುರವಾದ ಸೆರಾಮಿಕ್ ನಾರಿನ ಹೊದಿಕೆ. ಒಳಗೆ ವಿದ್ಯುತ್ ತಂತಿಯ ಸುರುಳಿ ಅಥವಾ ಅನಿಲದ ಜ್ವಾಲೆ ಉರಿಯುವ ಕೊಳವೆ. ಸುರುಳಿಗೆ ಬಳಸುವ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರಕೆಯ ತಂತಿ ಸ್ವೀಡನ್ನಿನಲ್ಲಿ ಹುಟ್ಟಿದ್ದು. ಕಾದಾಗ ಅದು ತನ್ನ ಮೈಮೇಲೆ ಅಲ್ಯೂಮಿನಾದ ಗಟ್ಟಿ ಪೊರೆ ಬೆಳೆಸಿಕೊಂಡು ತನ್ನನ್ನು ತಾನೇ ಉಳಿಸಿಕೊಳ್ಳುತ್ತದೆ. ಬಿಸಿ ಮಾಡುವುದರಲ್ಲಿ ಕಷ್ಟವಿಲ್ಲ. ಎಲ್ಲ ಕಡೆ ಒಂದೇ ಬಿಸಿ ಮಾಡುವುದು ಕಷ್ಟ. ಬಾಗಿಲ ಬಳಿಯ ಗೇರಿಗೂ ಮೂಲೆಯ ಗೇರಿಗೂ ನಡುವೆ 10 ಡಿಗ್ರಿಗಿಂತ ಹೆಚ್ಚು ಅಂತರವಾದರೆ ಅನೇಕ ಕೆಲಸಗಳಲ್ಲಿ ಇಡೀ ಬ್ಯಾಚೇ ಅನುಮಾನಕ್ಕೆ ಬೀಳುತ್ತದೆ. ಅದಕ್ಕೇ ಒಳಗೊಂದು ಫ್ಯಾನ್, ಕಾದ ಅನಿಲವನ್ನು ಬಿಡದೆ ಕಲಕುತ್ತಿರುತ್ತದೆ.

ಎರಡನೆಯದು ತಾಳ್ಮೆ. ಮೈ ಕಾದ ಮಾತ್ರಕ್ಕೆ ಒಡಲು ಕಾದಿರುವುದಿಲ್ಲ. ದಪ್ಪ ಭಾಗದ ನಡುಮಧ್ಯದವರೆಗೆ ಕಾವು ಇಳಿಯುವ ತನಕ ಹಾಗೇ ಇಟ್ಟಿರಬೇಕು. ಶೆಡ್ಡಿನ ಮಾತಿನಲ್ಲಿ ಅದು ಸೋಕಿಂಗ್. ಗೇರುಗಳ ವಿಷಯಕ್ಕೆ ಬಂದರೆ ಈ ತಾಳ್ಮೆ ಇನ್ನೂ ದೊಡ್ಡದು. ಗೇರಿನ ಹಲ್ಲಿಗೆ ಹೊರಮೈ ಗಟ್ಟಿಯಿರಬೇಕು, ಒಡಲು ಪೆಟ್ಟು ನುಂಗುವಷ್ಟು ಮೆತ್ತಗಿರಬೇಕು. ಅದಕ್ಕೆ ಶೇ 0.2ರಷ್ಟೇ ಇಂಗಾಲವಿರುವ ಉಕ್ಕಿನಲ್ಲಿ ಗೇರು ಮಾಡಿ, 900ರಿಂದ 950 ಡಿಗ್ರಿಯಲ್ಲಿ ಇಂಗಾಲ ತುಂಬಿದ ಅನಿಲದ ನಡುವೆ ಇಡುತ್ತಾರೆ. ಇಂಗಾಲ ಒಂದೊಂದೇ ಪರಮಾಣುವಾಗಿ ಮೈಯೊಳಗೆ ಇಳಿಯುತ್ತದೆ. ಇದು ಕೇಸ್ ಹಾರ್ಡನಿಂಗ್. ಸುಮಾರು 925 ಡಿಗ್ರಿಯಲ್ಲಿ 1 ಗಂಟೆಗೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಆಳ ಸಿಗುತ್ತದೆ. ಅದರ ಎರಡರಷ್ಟು ಆಳ ಬೇಕಾದರೆ 2 ಗಂಟೆ ಸಾಲದು, 4 ಗಂಟೆ ಬೇಕು. ಅದರ ಮತ್ತೆರಡರಷ್ಟಕ್ಕೆ 16 ಗಂಟೆ. ಆಳ ಇಮ್ಮಡಿಯಾದರೆ ಕಾಲ ನಾಲ್ಮಡಿ ಎಂಬ ಈ ಲೆಕ್ಕವನ್ನು ಯಾವ ಆತುರಗಾರನೂ ಬದಲಿಸಲಾರ. ಬೇಗ ಮುಗಿಸಲೆಂದು ಉಷ್ಣತೆ ಏರಿಸಿದರೆ ಉಕ್ಕಿನ ಕಣಗಳು ದಪ್ಪಗೆ ಬೆಳೆದು ಅದರ ತಾಳಿಕೆಯೇ ಕೆಡುತ್ತದೆ.

ಮೂರನೆಯದು ರಕ್ಷಣೆ. ಕೆಂಪಗೆ ಕಾದ ಉಕ್ಕಿಗೆ ನಾವು ಉಸಿರಾಡುವ ಗಾಳಿಯೇ ಶತ್ರು. ಆಮ್ಲಜನಕ ಅದರ ಮೈಯನ್ನು ಹೊಪ್ಪಳೆಯಾಗಿ ಎಬ್ಬಿಸುತ್ತದೆ, ಇಂಗಾಲವನ್ನೂ ಕದಿಯುತ್ತದೆ. ಇಂಗಾಲ ಕಳೆದುಕೊಂಡ ತೆಳುಪದರ ಅದ್ದಿದರೂ ಗಟ್ಟಿಯಾಗದು. ಹಾಗಾಗಿ ಕುಲುಮೆಯಿಂದ ಗಾಳಿಯನ್ನು ಹೊರದೂಡಿ ಬೇರೆ ಅನಿಲ ತುಂಬುತ್ತಾರೆ. ಸಾರಜನಕದ ಜೊತೆ ಮೆಥನಾಲ್ ಹನಿಸುತ್ತಾರೆ. ಅಥವಾ ಇಂಧನ ಅನಿಲ ಮತ್ತು ಗಾಳಿಯನ್ನು ನಿಕ್ಕಲ್ ವೇಗವರ್ಧಕದ ಮೇಲೆ ಹಾಯಿಸಿ ಹೈಡ್ರೋಜನ್, ಸಾರಜನಕ, ಕಾರ್ಬನ್ ಮೊನಾಕ್ಸೈಡ್ ಬೆರೆತ ಅನಿಲ ತಯಾರಿಸುತ್ತಾರೆ. ಆ ಅನಿಲ ಉರಿಯುವಂಥದ್ದು, ವಿಷವೂ ಹೌದು. ಬಾಗಿಲು ತೆರೆದಾಗ ಗಾಳಿ ನುಗ್ಗದಂತೆ ಅಡ್ಡಲಾಗಿ ಬೆಂಕಿಯ ಪರದೆಯೊಂದು ಎದ್ದು ನಿಲ್ಲುತ್ತದೆ. ಶೆಡ್ಡಿಗೆ ಹೊಸದಾಗಿ ಬಂದವರು ಬೆಚ್ಚಿಬೀಳುವುದು ಅದನ್ನು ಕಂಡೇ. ಒಳಗಿನ ಉಕ್ಕನ್ನು ಬೆಂಕಿಯೇ ಕಾವಲು ನಿಂತು ಕಾಯುತ್ತಿದೆ ಎಂದು ತಿಳಿದ ಮೇಲೆ ಆ ಜ್ವಾಲೆ ಬೇರೆಯೇ ಆಗಿ ಕಾಣುತ್ತದೆ.

ಕೆಲಸಕ್ಕೆ ತಕ್ಕ ಕುಲುಮೆ. ಉದ್ದನೆಯ ಶಾಫ್ಟುಗಳು ಬಾಗದಂತೆ ತೂಗುಹಾಕಲು ನೆಲದೊಳಗೆ ಬಾವಿಯಂತೆ ಇಳಿದ ಪಿಟ್ ಕುಲುಮೆ. ಗೇರುಗಳಿಗೆ ಕಾಯಿಸುವ ಕೋಣೆ ಮತ್ತು ಎಣ್ಣೆಯ ತೊಟ್ಟಿ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿರುವ ಸೀಲ್ಡ್ ಕ್ವೆಂಚ್ ಕುಲುಮೆ. ರಾಶಿ ರಾಶಿ ಬೋಲ್ಟುಗಳಿಗೆ ಉಕ್ಕಿನ ಜಾಳಿಗೆಯ ಪಟ್ಟಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತೆವಳುವ ಕನ್ವೇಯರ್ ಕುಲುಮೆ. ಬೆಲೆಬಾಳುವ ಡೈಗಳಿಗೆ ಅನಿಲವನ್ನೇ ಹೀರಿ ತೆಗೆದ ನಿರ್ವಾತ ಕುಲುಮೆ. ಅಲ್ಲಿ ತಣಿಸುವುದು 6ರಿಂದ 10 ಬಾರ್ ಒತ್ತಡದ ಸಾರಜನಕದ ಬಿರುಗಾಳಿ, ಭಾಗಗಳು ಹೋದಂತೆಯೇ ಥಳಥಳಿಸುತ್ತ ಬರುತ್ತವೆ. ಅದ್ದುವುದೇ ಬೇಡವೆನ್ನುವ ದಾರಿಯೂ ಒಂದಿದೆ: 500ರಿಂದ 550 ಡಿಗ್ರಿಯಲ್ಲಿ ಅಮೋನಿಯಾ ಅನಿಲದ ನಡುವೆ ಹತ್ತಾರು ಗಂಟೆ ಇಟ್ಟು ಮೈಗೆ ಸಾರಜನಕ ಇಳಿಸುವ ನೈಟ್ರೈಡಿಂಗ್. ಅದರಲ್ಲಿ ಭಾಗಗಳು ಸೊಟ್ಟಗಾಗುವುದು ತೀರಾ ಕಡಿಮೆ.

ಮುಳುಗುವ ಗಳಿಗೆ

ಗಂಟೆಗಟ್ಟಲೆ ನಡೆದ ಕೆಲಸದ ಭವಿಷ್ಯ ಕೊನೆಗೆ ಕೆಲವು ಸೆಕೆಂಡುಗಳಲ್ಲಿ ತೀರ್ಮಾನವಾಗುತ್ತದೆ. ಬುಟ್ಟಿ ಎಣ್ಣೆಗೆ ಇಳಿದ ಕೂಡಲೇ ಉಕ್ಕಿನ ಸುತ್ತ ಆವಿಯ ಕಂಬಳಿ ಹಬ್ಬುತ್ತದೆ. ಆವಿ ಶಾಖ ಸಾಗಿಸುವುದರಲ್ಲಿ ಸೋಮಾರಿ, ಆಗ ತಣಿವು ನಿಧಾನ. ಕಂಬಳಿ ಹರಿದಾಗ ದ್ರವ ಮೈಗೆ ತಾಗಿ ಕೊತಕೊತ ಕುದಿಯುತ್ತದೆ. ಉಕ್ಕು ಅತಿ ವೇಗವಾಗಿ ತಣಿಯುವುದು ಆಗಲೇ. ಕುದಿತ ನಿಂತ ಮೇಲೆ ಮತ್ತೆ ನಿಧಾನ. ಕಾದ ಕಾವಲಿಯ ಮೇಲೆ ಚಿಮುಕಿಸಿದ ನೀರಿನ ಹನಿ ಮೊದಲು ಗೋಲಿಯಂತೆ ಓಡಾಡಿ, ಕಾವು ಇಳಿದ ಮೇಲೆ ಚುಂಯ್ಗುಟ್ಟಿ ಆರುವುದನ್ನು ದೋಸೆ ಹುಯ್ಯುವ ಎಲ್ಲರೂ ನೋಡಿದ್ದಾರೆ. ಅದೇ ನಾಟಕ ಇಲ್ಲಿ ಟನ್ನುಗಟ್ಟಲೆ ಉಕ್ಕಿನ ಮೇಲೆ ನಡೆಯುತ್ತದೆ.

ನೀರು ಜೋರಾಗಿ ತಣಿಸುತ್ತದೆ, ಎಣ್ಣೆ ಮೃದುವಾಗಿ. ಜೋರು ಹೆಚ್ಚಿದಷ್ಟೂ ಬಿರುಕಿನ ಭಯ. ಆಸ್ಟೆನೈಟು ಮಾರ್ಟೆನ್ಸೈಟಾಗುವಾಗ ಉಕ್ಕು ಶೇ 4ರವರೆಗೆ ಹಿಗ್ಗಬಲ್ಲದು. ಹೊರಮೈ ಮೊದಲು ಹಿಗ್ಗಿ ಗಟ್ಟಿಯಾಗಿರುತ್ತದೆ, ಆಮೇಲೆ ಒಡಲು ಹಿಗ್ಗಲು ಹೊರಡುತ್ತದೆ. ಗಟ್ಟಿಯಾದ ಹೊರಮೈ ಅದಕ್ಕೆ ಜಾಗ ಕೊಡಲಾರದು. ಚೂಪು ಮೂಲೆ, ಕೀಲಿಗಂಡಿ, ದಪ್ಪ-ತೆಳು ಒಟ್ಟಿಗೆ ಸೇರುವ ಜಾಗ ಎಲ್ಲಿದೆಯೋ ಅಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಉಕ್ಕಿಗೆ ಕ್ರೋಮಿಯಂ, ನಿಕ್ಕಲ್, ಮಾಲಿಬ್ಡಿನಂ ಬೆರೆಸುವ ಮುಖ್ಯ ಕಾರಣಗಳಲ್ಲಿ ಇದೂ ಒಂದು: ಅವು ಇಂಗಾಲದ ಓಟವನ್ನು ತಡೆಯುವುದರಿಂದ ಎಣ್ಣೆಯ ಮೃದು ತಣಿವಿನಲ್ಲೂ ಒಳಗಿನವರೆಗೆ ಗಟ್ಟಿಯಾಗುತ್ತದೆ.

ಅದ್ದಿದ ಮೇಲೆ ಟೆಂಪರಿಂಗಿಗೆ ತಡ ಮಾಡುವಂತಿಲ್ಲ. ಒಳಗೆ ಬಿಗಿ ತುಂಬಿದ ಭಾಗವನ್ನು ‘ನಾಳೆ ನೋಡೋಣ’ ಎಂದು ರಾತ್ರಿ ಬಿಟ್ಟರೆ, ಬೆಳಗ್ಗೆ ಯಾರೂ ಮುಟ್ಟದೆಯೇ ಅದು ಬಿರಿದಿರಬಹುದು.

ಯಾವುದಕ್ಕೆ ಎಷ್ಟು ಗಟ್ಟಿತನ?
(ರಾಕ್‌ವೆಲ್ ‘ಸಿ’ ಮಾಪಕದಲ್ಲಿ, ಸಾಮಾನ್ಯವಾಗಿ)

ಅರ: 62–65
ಬೇರಿಂಗಿನ ಗುಂಡು: 60–64
ಗೇರಿನ ಹಲ್ಲಿನ ಮೇಲ್ಮೈ: 58–62
ಕಬ್ಬಿಣ ಕಡಿಯುವ ಉಳಿಯ ಬಾಯಿ: 54–58
ಸ್ಪ್ರಿಂಗ್: 42–48
10.9 ದರ್ಜೆಯ ಬೋಲ್ಟ್: 32–39

ಯಲಹಂಕದ ಗಾಲಿ

ಹದ ಎಂದರೆ ಗಟ್ಟಿ ಮಾಡುವುದಷ್ಟೇ ಅಲ್ಲವೆಂದು ತಿಳಿಯಲು ಬೆಂಗಳೂರಿನ ಉತ್ತರ ತುದಿಗೆ ಹೋಗಬೇಕು. ಯಲಹಂಕದಲ್ಲಿ 1984ರಲ್ಲಿ ಶುರುವಾದ ರೈಲ್ವೆಯ ಗಾಲಿ ಮತ್ತು ಅಚ್ಚಿನ (ಆಕ್ಸಲ್) ಕಾರ್ಖಾನೆ ಹಳೆಯ ಗಾಲಿ, ಅಚ್ಚುಗಳ ಗುಜರಿಯನ್ನೇ ಕರಗಿಸಿ, ಗ್ರಾಫೈಟಿನ ಎರಕದಚ್ಚುಗಳಲ್ಲಿ ಹೊಸ ಗಾಲಿ ಹೊಯ್ಯುತ್ತದೆ. ಎರಕವಾದ ಗಾಲಿ ಮತ್ತೆ ಕುಲುಮೆಗೆ ಹೋಗಿ ಕೆಂಪಾಗಿ ಬರುತ್ತದೆ. ಆಗ ಅದರ ಹೊರಸುತ್ತಿಗೆ, ಹಳಿಯ ಮೇಲೆ ಉರುಳುವ ಭಾಗಕ್ಕೆ ಮಾತ್ರ, ನೀರು ಎರಚುತ್ತಾರೆ. ನಡುವಿನ ತಟ್ಟೆ ಮತ್ತು ಗುಂಬ ಬಿಸಿಯಾಗಿಯೇ ಇರುತ್ತವೆ. ಆಮೇಲೆ ಟೆಂಪರಿಂಗ್ ಕುಲುಮೆ.

ಇಲ್ಲಿ ಬಯಸುವುದು ಮಾರ್ಟೆನ್ಸೈಟಿನ ಸೂಜಿಗಳನ್ನಲ್ಲ. ಹಳಿಯ ಮೇಲೆ ಅದು ಸೀಳೀತು. ಬೇಕಾದದ್ದು ಒತ್ತೊತ್ತಾದ ಸೂಕ್ಷ್ಮ ಪದರಗಳ ರಚನೆ, ಸವೆತ ತಡೆಯುವಷ್ಟು ಗಟ್ಟಿ, ಪೆಟ್ಟು ತಾಳುವಷ್ಟು ಜಿಗುಟು. ಇನ್ನೊಂದು ಲಾಭ ಅದಕ್ಕಿಂತ ಸೊಗಸಾದದ್ದು. ಹೊರಸುತ್ತು ಮೊದಲೇ ತಣಿದು ಗಟ್ಟಿಯಾಗಿರುತ್ತದೆ. ನಡುಭಾಗ ಆಮೇಲೆ ತಣಿದು ಕುಗ್ಗುವಾಗ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇದರಿಂದ ಹೊರಸುತ್ತು ಸದಾ ಅದುಮಿದ ಸ್ಥಿತಿಯಲ್ಲಿ ಉಳಿಯುತ್ತದೆ. ಬಿರುಕು ಬೆಳೆಯಬೇಕಾದರೆ ಅದು ಬಾಯಿ ತೆರೆಯಬೇಕು. ಅದುಮಿದ ಉಕ್ಕು ಆ ಬಾಯಿಯನ್ನು ಮುಚ್ಚಿ ಹಿಡಿಯುತ್ತದೆ. ಇಂಥ ಗಾಲಿಯ ಅಂಚಿಗೆ ಗರಗಸ ಹಾಕಿ ಕೊಯ್ದರೆ ಸೀಳು ಅಗಲವಾಗುವ ಬದಲು ಗರಗಸವನ್ನೇ ಅವುಚಿಕೊಳ್ಳುತ್ತದೆ. ಗಾಲಿ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಒಂದು ವಿಧಾನವೂ ಇದೇ. ನಾವು ಬೋಗಿಯಲ್ಲಿ ನಿದ್ದೆ ಮಾಡುವಾಗ ಕೆಳಗೆ ಉರುಳುತ್ತಿರುವುದು ನೀರೂ ಕಾವೂ ಕೂಡಿ ಕಟ್ಟಿದ ಈ ಕಾಣದ ಅಪ್ಪುಗೆ.

ಕಾಣದ್ದಕ್ಕೆ ಅಳತೆಗೋಲು

ಕಮ್ಮಾರನ ಕಣ್ಣಿನಿಂದ ಕಾರ್ಖಾನೆಯ ದಾಖಲೆಗೆ ಬರಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ಕೆಂಡದಂಥ ಕಾವನ್ನು ಅಳೆಯುವ ದಾರಿಯೇ ಇರಲಿಲ್ಲ. ಇಂಗ್ಲೆಂಡಿನ ಕುಂಬಾರ ಜೊಸಾಯ ವೆಜ್‌ವುಡ್ 1782ರಲ್ಲಿ ಒಂದು ಉಪಾಯ ಮುಂದಿಟ್ಟ: ಜೇಡಿಯ ಸಣ್ಣ ತುಂಡನ್ನು ಗೂಡಿನಲ್ಲಿಟ್ಟು, ಅದು ಎಷ್ಟು ಕುಗ್ಗಿತೆಂದು ನೋಡಿ ಕಾವನ್ನು ಊಹಿಸುವುದು. ಎರಡು ಬೇರೆ ಲೋಹಗಳ ತಂತಿ ಬೆಸೆದು ಬೆಸುಗೆಯನ್ನು ಕಾಯಿಸಿದರೆ ವಿದ್ಯುತ್ತು ಹುಟ್ಟುವ ಪರಿಣಾಮವನ್ನು ಥಾಮಸ್ ಸೀಬೆಕ್ 1821ರಲ್ಲಿ ಕಂಡ. ಅದೇ ಶತಮಾನದ ಕೊನೆಗೆ ಫ್ರಾನ್ಸಿನ ಹೆನ್ರಿ ಲ ಶಾತಲಿಯೆ ಪ್ಲಾಟಿನಂ ತಂತಿಗಳಿಂದ ಅದನ್ನು ನಂಬಲರ್ಹ ಉಷ್ಣಮಾಪಕವಾಗಿ ರೂಪಿಸಿದ. ಇವತ್ತಿಗೂ ಪೀಣ್ಯದ ಪ್ರತಿ ಕುಲುಮೆಯ ಬೆನ್ನಿಗೆ ಚುಚ್ಚಿರುವ ಥರ್ಮೋಕಪಲ್ ಅದರದೇ ವಂಶ.

ಗಟ್ಟಿತನ ಅಳೆಯುವ ಕತೆ ಇನ್ನೂ ಹೊಸದು. ಸ್ವೀಡನ್ನಿನ ಯೋಹಾನ್ ಬ್ರಿನೆಲ್ ಉಕ್ಕಿನ ಗುಂಡನ್ನು ಒತ್ತಿ ಬಿದ್ದ ಕುಳಿಯನ್ನು ಅಳೆಯುವ ವಿಧಾನವನ್ನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ. ಅಮೆರಿಕದ ಫ್ರೆಡರಿಕ್ ಟೇಲರ್ ಮತ್ತು ಮೌನ್ಸೆಲ್ ವೈಟ್ ಅವರ ಕತ್ತರಿಸುವ ಉಳಿಗಳು ಜನರನ್ನು ಬೆರಗುಗೊಳಿಸಿದ್ದೂ ಅಲ್ಲಿಯೇ. ಕರಗುವ ಹಂತದ ಹತ್ತಿರದವರೆಗೆ ಕಾಯಿಸಿ ಹದ ಮಾಡಿದ ಆ ಉಕ್ಕು, ತುದಿ ಕೆಂಪಾದರೂ ಹರಿತ ಬಿಡದೆ ಲೋಹ ಕೊರೆಯುತ್ತಿತ್ತು. ಮುಂದೆ ಅಮೆರಿಕದ ಬೇರಿಂಗ್ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್, ಹದವಾದ ಬೇರಿಂಗ್ ಬಳೆಗಳನ್ನು ಕೆಡಿಸದೆ ಕ್ಷಣದಲ್ಲಿ ಪರೀಕ್ಷಿಸುವ ಯಂತ್ರ ಮಾಡಿ 1919ರಲ್ಲಿ ಪೇಟೆಂಟ್ ಪಡೆದರು. ವಜ್ರದ ಮೊನೆ ಎಷ್ಟು ಆಳಕ್ಕೆ ಇಳಿಯಿತೆಂದು ಅದು ಹೇಳುತ್ತದೆ. ಶೆಡ್ಡುಗಳಲ್ಲಿ ಇಂದು ‘ಎಷ್ಟು ಬಂತು?’ ಎಂದು ಕೇಳಿದರೆ ‘ಅರವತ್ತು’ ಎಂಬ ಉತ್ತರ ಬರುವುದು ಆ ಮಾಪಕದಲ್ಲಿ.

ಆದರೂ ಮೈಮೇಲಿನ ಒಂದು ಚುಕ್ಕೆ ಒಡಲಿನ ಕತೆಯನ್ನೆಲ್ಲ ಹೇಳದು. ಗಟ್ಟಿ ಪದರ ಎಷ್ಟು ಆಳವಿದೆ, ಒಳಗೆ ಬದಲಾಗದೆ ಉಳಿದ ಆಸ್ಟೆನೈಟ್ ಎಷ್ಟು, ಕಣಗಳು ದಪ್ಪಗಾಗಿವೆಯೇ ಎಂದು ಪೂರ್ತಿ ತಿಳಿಯಬೇಕಾದರೆ ಭಾಗವನ್ನು ಕತ್ತರಿಸಿ, ನುಣುಪಾಗಿ ಉಜ್ಜಿ, ಆಮ್ಲ ಸವರಿ, ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಕತ್ತರಿಸಿದ ಗೇರನ್ನು ಮಾರುವಂತಿಲ್ಲ. ಹಾಗಾಗಿ ಗುಣಮಟ್ಟದ ಶಾಸ್ತ್ರ ಹೀಟ್ ಟ್ರೀಟ್‌ಮೆಂಟನ್ನು ‘ವಿಶೇಷ ಪ್ರಕ್ರಿಯೆ’ ಎಂದು ಬೇರೆಯಾಗಿ ಇಡುತ್ತದೆ. ಮಾಡಿದ ಮೇಲೆ ಪರೀಕ್ಷಿಸಿ ಪೂರ್ತಿ ಖಾತ್ರಿಪಡಿಸಿಕೊಳ್ಳಲಾಗದ ಕೆಲಸ ಎಂದು ಅದರ ಅರ್ಥ. ಮಾಡುವಾಗಲೇ ಸರಿಯಾಗಿ ಮಾಡಬೇಕು. ಕುಲುಮೆ ಎಷ್ಟು ಹೊತ್ತಿಗೆ ಎಷ್ಟು ಡಿಗ್ರಿ ಮುಟ್ಟಿತು, ಎಷ್ಟು ಹೊತ್ತು ನಿಂತಿತು, ಎಣ್ಣೆಯ ಬಿಸಿ ಎಷ್ಟಿತ್ತು ಎಂಬ ಗೆರೆಗಳ ಚಾರ್ಟು, ಬ್ಯಾಚ್ ಸಂಖ್ಯೆ, ಪಾಳಿಯವನ ಸಹಿ: ಇವೇ ಅದರ ಜಾತಕ. ಥರ್ಮೋಕಪಲ್ಲೇ ಹಳತಾಗಿ ಸುಳ್ಳು ಹೇಳಬಹುದಾದ್ದರಿಂದ ಅದನ್ನೂ ಕಾಲಕಾಲಕ್ಕೆ ಇನ್ನೊಂದರ ಜೊತೆ ತಾಳೆ ನೋಡಬೇಕು.

ಬೆಂಕಿಯ ಪಕ್ಕದ ಬದುಕು

ಈ ಜಾತಕ ಬರೆಯುವವರು ಯಾರು? ಬೇಸಿಗೆಯ ಮಧ್ಯರಾತ್ರಿಯಲ್ಲಿ 900 ಡಿಗ್ರಿಯ ಪೆಟ್ಟಿಗೆಯ ಪಕ್ಕ ನಿಂತಿರುವ ಆಪರೇಟರುಗಳು. ಅವರ ಕೆಲಸದಲ್ಲಿ ಸಣ್ಣ ಅಜಾಗ್ರತೆ ಎಂಬುದಿಲ್ಲ. ಕುಲುಮೆ 760 ಡಿಗ್ರಿ ದಾಟುವ ಮೊದಲೇ ಉರಿಯುವ ಅನಿಲ ಬಿಟ್ಟರೆ, ಅದು ಹೊತ್ತಿಕೊಳ್ಳದೆ ಒಳಗೇ ಸೇರಿ ಸ್ಫೋಟಿಸಬಹುದು. ಎಣ್ಣೆಯ ತೊಟ್ಟಿಯ ತಳಕ್ಕೆ ಸ್ವಲ್ಪ ನೀರು ಸೇರಿದ್ದರೂ ಸಾಕು. ಕೆಂಪು ಉಕ್ಕು ಇಳಿದಾಗ ಆ ನೀರು 1,600 ಪಟ್ಟಿಗೂ ಮಿಗಿಲಾಗಿ ಆವಿಯಾಗಿ ಹಿಗ್ಗಿ, ಉರಿಯುವ ಎಣ್ಣೆಯನ್ನು ಹೊರಕ್ಕೆ ಉಕ್ಕಿಸುತ್ತದೆ. ಬುಟ್ಟಿ ಅರ್ಧ ಮುಳುಗಿ ಸಿಕ್ಕಿಕೊಂಡರೆ ಮೇಲ್ಭಾಗದ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಕರೆಂಟು ಹೋದರೆ ಅನಿಲ ಹೊರದೂಡಲು ಸಾರಜನಕದ ಟ್ಯಾಂಕು ಸಿದ್ಧವಿರಬೇಕು. ಕರಗಿದ ಉಪ್ಪಿನಲ್ಲಿ ಮುಳುಗಿಸಿ ಕಾಯಿಸುವ ಕೆಲವು ಬಗೆಯ ತೊಟ್ಟಿಗಳಲ್ಲಿ ಸಯನೈಡ್ ಲವಣಗಳಿರುತ್ತವೆ. ಅವುಗಳ ಬಳಕೆಯನ್ನೇ ಕೈಬಿಡುವುದು ನಮ್ಮ ನೀರಿಗೂ ನೆಲಕ್ಕೂ ಒಳ್ಳೆಯದು.

ಇಂಥ ಕೆಲಸಕ್ಕೆ ಬೇಕಾದ ಮನುಷ್ಯರನ್ನು ತಯಾರು ಮಾಡುವುದರಲ್ಲಿ ನಾವು ಜಿಪುಣರಾಗಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಯಂತ್ರ ನಡೆಸುವ ತರಬೇತಿಗೆ ಹುಡುಗರು ಸಾಲು ನಿಲ್ಲುತ್ತಾರೆ, ಕುಲುಮೆಯ ಕಡೆ ತಿರುಗುವವರು ಕಡಿಮೆ. ಬೆವರು, ಹೊಗೆ, ರಾತ್ರಿಪಾಳಿ. ಅಷ್ಟು ದುಡಿದ ಮೇಲೂ ಕಣ್ಣಿಗೆ ಕಾಣುವ ಫಲವಿಲ್ಲ. ಕೊರೆದ ಗೇರನ್ನು ತೋರಿಸಿ ‘ನಾನು ಮಾಡಿದ್ದು’ ಎನ್ನಬಹುದು, ಹದವನ್ನು ಯಾರಿಗೆ ತೋರಿಸುವುದು? ಅವರ ಕೆಲಸ ಚೆನ್ನಾಗಿದ್ದರೆ ಏನೂ ಆಗುವುದಿಲ್ಲ, ಗಾಡಿ ಓಡುತ್ತಿರುತ್ತದೆ. ಅದೇ ಕಾರಣಕ್ಕೆ ಅವರಿಗೆ ಒಳ್ಳೆಯ ಸಂಬಳ, ಗಾಳಿಯಾಡುವ ಶೆಡ್ಡು, ತಿಳಿವಳಿಕೆಯ ತರಬೇತಿ, ‘ಈ ಬ್ಯಾಚ್ ಸರಿಯಿಲ್ಲ’ ಎಂದು ಹೆದರದೆ ಹೇಳುವ ಅಧಿಕಾರ ಸಿಗಬೇಕು. ಚಾರ್ಟಿನಲ್ಲಿ ಗೆರೆ ತಿದ್ದುವುದು ಸುಲಭ, ಒಡಲಿನ ಹದ ತಿದ್ದಲಾಗದು.

ಅಂಥ ಶೆಡ್ಡುಗಳ ಪ್ರಯೋಗಾಲಯದಲ್ಲಿ ಒಂದು ಕಪಾಟು ಇರುತ್ತದೆ. ಅದರೊಳಗೆ ಸಾಲಾಗಿ ಸಣ್ಣ ತುಂಡುಗಳು. ಕಪ್ಪು ಅಂಟಿನ ಬಿಲ್ಲೆಯಲ್ಲಿ ಕೂರಿಸಿದ, ಕನ್ನಡಿಯಂತೆ ಹೊಳೆಯುವ ಗೇರಿನ ಹಲ್ಲುಗಳು. ಪ್ರತಿ ಬ್ಯಾಚಿನಲ್ಲೂ ಉಳಿದವುಗಳ ಜೊತೆ ಕುಲುಮೆಗೆ ಹೋಗಿ, ಅಷ್ಟೇ ಹೊತ್ತು ಕಾದು, ಅದೇ ಎಣ್ಣೆಯಲ್ಲಿ ಮುಳುಗಿ ಬಂದು, ಆಮೇಲೆ ಕತ್ತರಿಸಿಕೊಂಡ ತುಂಡುಗಳಿವು. ಆಮ್ಲ ಸವರಿದ ಅವುಗಳ ಅಂಚಿಗೆ ಕಾಡಿಗೆ ತೀಡಿದಂತೆ ಒಂದು ಕಪ್ಪು ಗೆರೆ ಕಾಣುತ್ತದೆ. ರಾತ್ರಿಯಿಡೀ ಇಳಿದ ಇಂಗಾಲ ತಲುಪಿದ ಆಳ ಅದು, ಒಂದು ಮಿಲಿಮೀಟರಿನಷ್ಟು. ಪಕ್ಕದಲ್ಲಿ ಬ್ಯಾಚ್ ಸಂಖ್ಯೆ, ತಾರೀಖು. ಅದರ ಜೊತೆಯ ನೂರಾರು ಗೇರುಗಳು ಈಗ ಯಾವ ಯಾವ ಊರಿನ ರಸ್ತೆಯಲ್ಲೋ ಭಾರ ಹೊತ್ತು ತಿರುಗುತ್ತಿವೆ. ಒಂದೂ ಗಾಡಿಯನ್ನು ಎಳೆಯದ ಈ ಹಲ್ಲು ಅವೆಲ್ಲದರ ಪರವಾಗಿ ಸಾಕ್ಷಿ ಹೇಳುತ್ತ ಕಪಾಟಿನಲ್ಲಿ ಕುಳಿತಿದೆ.